ಇಬ್ಬರ ಅಳತೆ

ಅವಳಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಬೀಜದ ಟೀಚರ್. ಹೆಸರಿಟ್ಟ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳೇ ಈಗ ಅದೇ ಬೆಂಚುಗಳ ಮೇಲೆ ಕೂತು ಕಾಲಾಡಿಸುತ್ತಿದ್ದಾರೆ. ಹೆಸರು ಮಾತ್ರ ಅಲ್ಲಾಡಿಲ್ಲ. ತಪ್ಪು ಅವಳದೇ ಅನ್ನಿ. ಶಾಲೆ ಶುರುವಾದ ಮೊದಲ ವಾರವೇ ಪ್ರತಿ ಮಗುವಿನ ಕೈಗೂ ಒಂದು ಕಾಳು, ಒಂದು ಚೂರು ಒದ್ದೆ ಹತ್ತಿ ಕೊಟ್ಟು, "ಇದಕ್ಕೆ ಜೀವ ಇದೆಯೋ ಇಲ್ಲವೋ ನೋಡ್ಕೊಂಡು ಬನ್ನಿ" ಎಂದು ಮನೆಗೆ ಕಳಿಸುವವಳನ್ನು ಮಕ್ಕಳು ಇನ್ನೇನೆಂದು ಕರೆಯಬೇಕು? ಮೊಳಕೆ ಒಡೆಯದ ಕಾಳು ತಂದು ಮುಖ ಸಣ್ಣ ಮಾಡಿಕೊಂಡ ಮಗುವಿಗೆ ಅವಳು ಇನ್ನೊಂದು ಕಾಳು ಕೊಡುತ್ತಿದ್ದಳೇ ಹೊರತು ಸಮಾಧಾನ ಹೇಳುತ್ತಿರಲಿಲ್ಲ. ಸಮಾಧಾನ ಹೇಳಲು ಅವಳಿಗೆ ಬರುತ್ತಲೇ ಇರಲಿಲ್ಲ. ಆ ಖಾತೆ ಅಕ್ಕನದು.

ಪಾಠದಲ್ಲಿ ಮಾತ್ರ ಅವಳನ್ನು ಅಲ್ಲಾಡಿಸುವವರಿಲ್ಲ. ಜೀವಿಗಳು ತಿನ್ನುತ್ತವೆ, ಉಸಿರಾಡುತ್ತವೆ, ಬೆಳೆಯುತ್ತವೆ, ಚಲಿಸುತ್ತವೆ, ಮುಟ್ಟಿದರೆ ಗೊತ್ತು ಮಾಡಿಕೊಳ್ಳುತ್ತವೆ, ತಮ್ಮಂಥವನ್ನೇ ಹುಟ್ಟಿಸುತ್ತವೆ ಎಂದು ಬೋರ್ಡಿನ ಮೇಲೆ ಬರೆದು, ಸೀಮೆಸುಣ್ಣ ಕೆಳಗಿಡುವ ಮೊದಲೇ ಹಿಂದಿನ ಬೆಂಚಿನಿಂದ ಯಾರಾದರೂ, "ಹಾಗಾದ್ರೆ ಬಸ್ಸಿಗೂ ಜೀವ ಇದೆ ಮಿಸ್. ಡೀಸೆಲ್ ಕುಡಿಯುತ್ತೆ, ಓಡುತ್ತೆ, ಹೊಗೆ ಬಿಡುತ್ತೆ" ಎನ್ನುವುದು ಪ್ರತಿ ವರ್ಷದ ಮಾತು. "ಮರಿ ಬಸ್ಸು ಎಲ್ಲಾದ್ರೂ ನೋಡಿದ್ರೆ ಹೇಳು, ನಾನೂ ಬರ್ತೀನಿ ನೋಡೋದಕ್ಕೆ" ಎಂಬುದು ಅವಳ ಪ್ರತಿ ವರ್ಷದ ಉತ್ತರ. ತರಗತಿ ನಗುತ್ತಿತ್ತು. ಅವಳು ನಗುತ್ತಿರಲಿಲ್ಲ, ಆದರೆ ಆ ದಿನವೆಲ್ಲ ಹುರುಪಾಗಿರುತ್ತಿದ್ದಳು.

ಅಕ್ಕ ತಂಗಿ ಇಬ್ಬರೂ ಮದುವೆಯಾಗಿರಲಿಲ್ಲ. ಮೂರನೇ ಮಹಡಿಯ ಮನೆ, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಹಿಂದೆ ಒಂದು ಬಾಲ್ಕನಿ. ಅಕ್ಕ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಡುಗೆ ಅವಳದು, ಪಾತ್ರೆ ತೊಳೆಯುವುದು ತಂಗಿಯದು. ಬಾಲ್ಕನಿಯ ಮೂಲೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮೂ ಅಕ್ಕನದೇ. ಅದರ ಸುತ್ತ ಕಾದ ಕಬ್ಬಿಣದ ಕಡ್ಡಿಯಿಂದ ತೂತು ಮಾಡಿದ್ದಳು. ಅಡುಗೆಮನೆಯ ಸಿಪ್ಪೆ, ಕಡ್ಡಿ, ಟೀ ಚರಟ ಒಂದು ಪದರ; ಒಣಗಿದ ಎಲೆ ಒಂದು ಪದರ; ವಾರಕ್ಕೊಮ್ಮೆ ಕೋಲು ಹಾಕಿ ತಿರುವುವುದು. ಬೇಯಿಸಿದ್ದನ್ನು ಮಾತ್ರ ಹಾಕುವ ಹಾಗಿಲ್ಲ. "ಬೇಯಿಸಿದ್ದು ಮನುಷ್ಯರಿಗೆ, ಹಸಿಯದು ಇದಕ್ಕೆ" ಎಂದು ಅಕ್ಕ ಕಾನೂನು ಮಾಡಿದ್ದಳು. ಕಾನೂನಿನ ಹಿಂದಿನ ಕಾರಣ ಹೇಳಿದವಳು ತಂಗಿ: ಬೆಂದ ಅನ್ನ, ಎಣ್ಣೆ ಎಲ್ಲ ಮುದ್ದೆಗಟ್ಟಿ ಗಾಳಿಯ ದಾರಿ ಮುಚ್ಚುತ್ತವೆ, ಗಾಳಿ ಇಲ್ಲದೆ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಆಮೇಲೆ ನಾರುವ ಜಾತಿಯವು ಬಂದು ಕೂರುತ್ತವೆ.

ಚಳಿಯ ಬೆಳಗುಗಳಲ್ಲಿ ಅಕ್ಕ ಮುಚ್ಚಳ ತೆಗೆದು ಮೊಣಕೈವರೆಗೂ ಒಳಗೆ ಕೈ ಇಳಿಸಿ, "ಜ್ವರ ಬಂದಿದೆ ಕಣೇ ಮರಿ, ಚೆನ್ನಾಗಿದೆ" ಎನ್ನುತ್ತಿದ್ದಳು. ಒಳಗೆ ನಿಜಕ್ಕೂ ಬಿಸಿ ಇರುತ್ತಿತ್ತು. ಕೊಳೆಸುವ ಜೀವಿಗಳು ಕೆಲಸ ಮಾಡುವಾಗ ಶಾಖ ಹೊರಡುತ್ತದೆ ಎಂದು ತಂಗಿ ವಿವರಿಸಿದರೆ, ಅಕ್ಕ ಡ್ರಮ್ಮಿಗೇ ಜೀವ ಇದೆ ಎನ್ನುತ್ತಿದ್ದಳು.

"ಡ್ರಮ್ಮಿಗಲ್ಲ, ಡ್ರಮ್ಮಿನೊಳಗೆ ಇರೋವಕ್ಕೆ."

"ತಿನ್ನುತ್ತೆ, ಉಸಿರಾಡುತ್ತೆ, ಮೈ ಬೆಚ್ಚಗಿದೆ. ಇನ್ನೇನು ಬೇಕು ನಿನಗೆ?"

"ಮರಿ ಹಾಕಬೇಕು."

"ನಾವಿಬ್ಬರೂ ಹಾಕಿಲ್ಲ. ಹಾಗಂತ ನಮ್ಮನ್ನ ಕಲ್ಲು ಮಣ್ಣಿನ ಪಟ್ಟಿಗೆ ಸೇರಿಸ್ತೀಯಾ?"

ವಿಜ್ಞಾನ ಅಲ್ಲಿಗೆ ಬಾಯಿ ಮುಚ್ಚುತ್ತಿತ್ತು. ಇಬ್ಬರೂ ಬಾಲ್ಕನಿಯಲ್ಲಿ ನಿಂತು ಟೀ ಕುಡಿಯುತ್ತಿದ್ದರು.

ಹೀಗಿದ್ದ ಮನೆಯಲ್ಲಿ ಒಂದು ದಿನ ಗೋಡೆ ಗಡಿಯಾರ ನಿಂತಿತು. ನಿಲ್ಲಲಿ ಬಿಡು, ಹೊಸದು ತಂದರಾಯಿತು ಎಂದಳು ತಂಗಿ. ಅಕ್ಕ ಕೇಳಲಿಲ್ಲ, ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದಳು. ಅಂಗಡಿಯವರು ಹೆಂಡತಿ ತೀರಿಕೊಂಡವರು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮಾತಿಲ್ಲದೆ ಕೆಲಸ ಮಾಡುವವರು. ರಿಪೇರಿಯಾದ ಗಡಿಯಾರ ಮತ್ತೆ ಕೆಟ್ಟಿತು. ಮತ್ತೆ ರಿಪೇರಿಯಾಯಿತು, ಮತ್ತೆ ಕೆಟ್ಟಿತು. ಅಷ್ಟು ಕೆಟ್ಟ ಗಡಿಯಾರವನ್ನೂ ಅಷ್ಟು ಕೆಟ್ಟ ರಿಪೇರಿಯನ್ನೂ ತಂಗಿ ಎಲ್ಲೂ ಕಂಡಿರಲಿಲ್ಲ. ಒಮ್ಮೆ ಅವಳೇ ಅದರ ಬೆನ್ನು ಬಿಚ್ಚಿ ನೋಡಿದರೆ ಬ್ಯಾಟರಿಯನ್ನು ತಿರುಗಾ ಮುರುಗಾ ಹಾಕಿತ್ತು. ಅವಳು ಏನೂ ಹೇಳದೆ ಮುಚ್ಚಿ ಗೋಡೆಗೆ ನೇತುಹಾಕಿದಳು. ಹೇಳಿದ್ದರೆ ಅಕ್ಕ ನಾಚಿ ಅಂಗಡಿಗೆ ಹೋಗುವುದನ್ನೇ ಬಿಡುತ್ತಿದ್ದಳು.

ಗಡಿಯಾರದವರು ಮದುವೆಗೆ ಕೇಳಿದ್ದು ಬೇಗ, ಅಕ್ಕ ಒಪ್ಪಿದ್ದು ತಡ. ತಂಗಿ ಒಬ್ಬಳೇ ಆಗುತ್ತಾಳೆ ಎಂದು ಅಕ್ಕ ವರ್ಷಗಟ್ಟಲೆ ಅವರನ್ನು ಕಾಯಿಸಿದಳು. ಅವರು ಪಾಪ, ಕಾದರು. ಕೊನೆಗೆ ಅಂಗಡಿ ಮುಚ್ಚಿ, ಅರ್ಧ ದಿನದ ಬಸ್ಸಿನ ದಾರಿಯ ತಮ್ಮ ಊರಿನಲ್ಲಿ ಸಣ್ಣ ಮನೆ, ಹಿಂದೆ ಒಂದು ತುಂಡು ಬರಡು ನೆಲ ಮಾಡಿಕೊಂಡು, ಹೋಗುವ ಮುನ್ನ ಇನ್ನೊಮ್ಮೆ ಕೇಳಿದರು. ಆಗ ಬಾಯಿಬಿಟ್ಟವಳು ತಂಗಿ.

"ಹೋಗು ಮಾರಾಯ್ತಿ. ನನ್ನ ಚಿಂತೆ ನಿನಗೆ ಬೇಡ. ಎರಡು ಕೋಣೇನೂ ನನ್ನದೇ ಆಗುತ್ತೆ, ನನಗಿನ್ನು ಆರಾಮ."

"ನೀನು ನೆಟ್ಟಗೆ ಉಣ್ಣಲ್ಲ ಅಂತ ಗೊತ್ತಾದ್ರೆ ಮಾರನೇ ದಿನ ಗಂಟು ಕಟ್ಟಿಕೊಂಡು ವಾಪಸ್ ಬರ್ತೀನಿ. ಅವರಿಗೂ ಹೇಳಿದ್ದೀನಿ" ಎಂದಳು ಅಕ್ಕ. ಅದು ಬರಿ ಮಾತಲ್ಲ. ಅಕ್ಕ ಹೇಳಿದಳೆಂದರೆ ಮಾಡುವವಳೇ. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಸಂಜೆಯ ಬಸ್ಸು ಹತ್ತುವ ಮುನ್ನ ಅಡುಗೆಮನೆಗೆ ಕರೆದು ಅನ್ನದ ಪಾತ್ರೆ ತೋರಿಸಿದಳು. ಹಳೆಯ ಅಲ್ಯೂಮಿನಿಯಂ ಪಾತ್ರೆ, ಯಾವಾಗಲೋ ಬಿದ್ದು ಹೊಟ್ಟೆಯ ಹತ್ತಿರ ನೆಗ್ಗಿದ್ದದ್ದು. "ನೀರು ಈ ನೆಗ್ಗಿನವರೆಗೆ ಬಂದರೆ ಇಬ್ಬರಿಗೆ. ನಿನ್ನೊಬ್ಬಳಿಗೆ ಅಂದ್ರೆ ಅದರ ಅರ್ಧ. ಗೊತ್ತಾಯ್ತಾ?"

"ನಾನು ವಿಜ್ಞಾನದ ಟೀಚರು. ಅರ್ಧ ಅಂದ್ರೆ ಗೊತ್ತಾಗುತ್ತೆ" ಎಂದಳು ತಂಗಿ.

ಗೊತ್ತಾಗಲಿಲ್ಲ ನೋಡಿ. ಮಾರನೆಯ ಸಂಜೆ ಪಾತ್ರೆಗೆ ನೀರು ಹಿಡಿದಾಗ ಅರ್ಧಕ್ಕೆ ನಲ್ಲಿ ನಿಲ್ಲಿಸಲು ಕೈ ಬರಲಿಲ್ಲ. ಅರ್ಧ ಅಳತೆಯ ನೀರು ತಳದಲ್ಲಿ ತೆಳ್ಳಗೆ ಮಿನುಗುತ್ತಿತ್ತು. ಅದನ್ನು ನೋಡಿದರೆ ಯಾರೋ ಕಾಯಿಲೆಯವರಿಗೆ ಮಾಡುತ್ತಿದ್ದ ಹಾಗಿತ್ತು. ನೆಗ್ಗಿನವರೆಗೆ ಬಿಟ್ಟಳು. ಅನ್ನ ಇಬ್ಬರಿಗಾಯಿತು. ಉಳಿದದ್ದನ್ನು ಬೆಳಿಗ್ಗೆ ತಿಂದರಾಯಿತು ಎಂದುಕೊಂಡಳು, ಬೆಳಿಗ್ಗೆ ತಿನ್ನಲಿಲ್ಲ. ಡ್ರಮ್ಮಿಗೆ ಹಾಕಿದಳು. ಆ ವಾರ ಸಂತೆ ಚೀಲವೂ ಹಳೆಯ ತೂಕಕ್ಕೇ ತುಂಬಿತು. ಅದರಲ್ಲಿ ಹಾಗಲಕಾಯಿಯೂ ಇತ್ತು. ಹಾಗಲಕಾಯಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದು ಹೋಳನ್ನೂ ಬಾಯಿಗಿಟ್ಟವಳಲ್ಲ. ಅದನ್ನು ಆಸೆಪಟ್ಟು ತಿನ್ನುತ್ತಿದ್ದವಳು ಅಕ್ಕ. ತರಕಾರಿಯವನು ಕೇಳದೇ ಚೀಲಕ್ಕೆ ಹಾಕಿದ, ಇವಳು ಬೇಡ ಅನ್ನಲಿಲ್ಲ. ಮನೆಗೆ ತಂದು ಗುಂಡಗೆ ಹೆಚ್ಚಿ, ಬೇಯಿಸಿ, ಅಕ್ಕನ ತಟ್ಟೆಯ ಜಾಗದಲ್ಲಿ ಇಟ್ಟು, ತನ್ನದನ್ನು ಉಂಡಳು. ಆಮೇಲೆ ಅದೂ ಡ್ರಮ್ಮಿಗೆ ಹೋಯಿತು.

ಹುಚ್ಚು ಅನ್ನುತ್ತೀರಿ. ಹುಚ್ಚೇನಲ್ಲ. ಅಕ್ಕ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಡುಗೆ ಅರ್ಧವಾದರೆ ಮಾತ್ರ ಅದು ಒಪ್ಪಿಕೊಂಡಂತೆ ಆಗಿಬಿಡುತ್ತದೆ, ಅಷ್ಟೇ. ಇಬ್ಬರಿಗೆ ಬೇಯಿಸುವಾಗ ಒಲೆಯ ಮುಂದೆ ಒಂದಿಷ್ಟು ಹೊತ್ತು ಕಳೆಯುತ್ತಿತ್ತು, ಪಾತ್ರೆಯ ಮುಚ್ಚಳ ಹಳೆಯ ಸದ್ದನ್ನೇ ಮಾಡುತ್ತಿತ್ತು. ಇನ್ನೊಂದು ಕೋಣೆಯ ದೀಪವನ್ನೂ ಅವಳು ಹಾಕಿರುತ್ತಿದ್ದಳು.

ಸಂಜೆ ಅಕ್ಕನ ಫೋನು ಬರುತ್ತಿತ್ತು. ಪ್ರಶ್ನೆ ಯಾವಾಗಲೂ ಒಂದೇ.

"ಉಂಡ್ಯಾ?"

"ಉಂಡೆ."

"ಎಲ್ಲ ಖಾಲಿ ಆಯ್ತಾ?"

"ಏನೂ ಉಳೀಲಿಲ್ಲ."

"ಡ್ರಮ್ಮು?"

"ಜ್ವರ ಬಂದಿದೆ. ಚೆನ್ನಾಗಿದೆ."

ಆ ಕಡೆ ಅಕ್ಕ ನಗುವಾಗ ಹಿಂದೆ ಹಲವು ಗಡಿಯಾರಗಳು ಒಟ್ಟಿಗೆ ಟಿಕ್ಕೆನ್ನುವುದು ಕೇಳುತ್ತಿತ್ತು. ಬರಡು ನೆಲವನ್ನು ಅಗೆಯುತ್ತಿದ್ದೇವೆ, ಅವರಿಗೆ ಗುದ್ದಲಿ ಹಿಡಿಯಲು ಬರುವುದಿಲ್ಲ, ನೋಡಿದರೆ ನಗು ಬರುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಅಕ್ಕನ ದನಿ ಅಷ್ಟು ಹಗುರವಾಗಿದ್ದುದನ್ನು ತಂಗಿ ಕೇಳಿಯೇ ಇರಲಿಲ್ಲ. ಫೋನು ಇಟ್ಟ ಮೇಲೆ ಅವಳಿಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆ ಉರಿಯೂ ಆಗುತ್ತಿತ್ತು. ಎರಡನ್ನೂ ಬೇರೆ ಬೇರೆ ಮಾಡಲು ಅವಳಿಗೆ ಆಗುತ್ತಿರಲಿಲ್ಲ.

ಡ್ರಮ್ಮಿಗೆ ಜ್ವರ ಬಿಟ್ಟು ಬಹಳ ದಿನವಾಗಿತ್ತು. ಒಬ್ಬಳ ಮನೆಯ ಸಿಪ್ಪೆ ಅದರ ಹೊಟ್ಟೆಯ ಮೂಲೆಗೂ ಸಾಲುತ್ತಿರಲಿಲ್ಲ. ಮೇಲೆ ಬೀಳುತ್ತಿದ್ದುದು ಬೆಂದ ಅನ್ನ, ಬೇಳೆ, ಎಣ್ಣೆ ಹಚ್ಚಿದ ಹೋಳುಗಳು. ಎಲೆ ತರುವುದನ್ನು ಮರೆತಳು, ತಿರುವುವುದನ್ನು ಮುಂದಕ್ಕೆ ಹಾಕಿದಳು. ಮೊದಲು ಹುಳಿ ವಾಸನೆ, ಆಮೇಲೆ ಸಣ್ಣ ನೊಣ, ಆಮೇಲೆ ತಳದ ತೂತುಗಳಿಂದ ಕಪ್ಪು ನೀರು. ತನ್ನದೇ ಪಾಠ ಕಣ್ಣ ಮುಂದೆ ನಡೆಯುತ್ತಿದ್ದರೂ ಅವಳು ಬಾಲ್ಕನಿಯ ಬಾಗಿಲು ಮುಚ್ಚಿ ಕೂತಳು.

ಕೆಳಗಿನ ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ದರ್ಜಿಯಮ್ಮ ಇದ್ದಳು. ಅವಳು ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ಟೀಚರೇ, ಬೇಜಾರು ಮಾಡ್ಕೋಬೇಡಿ. ಜನರ ಹೊಸ ಬಟ್ಟೆ ನನ್ನ ಮನೇಲಿ ನೇತಾಡ್ತಿರುತ್ತೆ. ನಿನ್ನೆ ಒಬ್ಬರು ಕೋಟು ಮೂಸಿ ನೋಡಿ, ಒಳಗೆ ಇಲಿ ಸತ್ತಿದೆಯಾ ಅಂತ ಕೇಳಿದ್ರು."

"ನೋಡ್ತೀನಿ."

"ನಿಮ್ಮಕ್ಕ ಇದ್ದಾಗ ಮಳೆ ಬಂದ ನೆಲದ ವಾಸನೆ ಬರ್ತಿತ್ತು, ಅಷ್ಟೇ. ಈಗೇನಾಯ್ತು?"

"ನೋಡ್ತೀನಿ ಅಂದೆನಲ್ಲ" ಎಂದು ಬೀಜದ ಟೀಚರ್ ಬಾಗಿಲು ಹಾಕಿದಳು. ದರ್ಜಿಯಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಅವಳು ಸೀದಾ ಮನೆ ಮಾಲೀಕನ ಹತ್ತಿರ ಹೋದಳು.

ಅದೇ ವಾರ ಶಾಲೆಯಲ್ಲಿ ಕಸದ ಪಾಠ. ಈ ಪಾಠವನ್ನು ಅವಳು ಮಾಡುತ್ತಿದ್ದ ರೀತಿ ಬೇರೆ ಯಾರೂ ಮಾಡುವುದಲ್ಲ. ತನ್ನ ಮನೆಯ ಒಂದು ದಿನದ ಕಸವನ್ನು ಚೀಲದಲ್ಲಿ ತಂದು, ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಸುರಿದುಬಿಡುತ್ತಿದ್ದಳು. ಮಕ್ಕಳು ಮೂಗು ಹಿಡಿದುಕೊಂಡೇ ಮುತ್ತುತ್ತಿದ್ದರು. ಮೊದಲು ಬೇರ್ಪಡಿಸುವುದು: ಮಣ್ಣು ತಿನ್ನುವಂಥದ್ದು ಒಂದು ಕಡೆ, ತಿನ್ನದಿರುವುದು ಇನ್ನೊಂದು ಕಡೆ. ಬಾಳೆಹಣ್ಣಿನ ಸಿಪ್ಪೆ ಮಣ್ಣಿಗೆ, ಹಾಲಿನ ಪ್ಯಾಕೆಟ್ಟು ಬೇರೆ. ಹತ್ತಿಯ ದಾರ ಕೊಳೆಯುತ್ತದೆ, ನೈಲಾನು ಕೊಳೆಯುವುದಿಲ್ಲ. ಗಾಜು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ. ಆಮೇಲೆ ಮಕ್ಕಳಿಗೆ ಇಷ್ಟವಾದ ಭಾಗ: ಈ ಕಸ ನೋಡಿ ಆ ಮನೆಯಲ್ಲಿ ಯಾರ್ಯಾರು ಇದ್ದಾರೆ ಹೇಳಬೇಕು. "ಮನುಷ್ಯರು ಬಾಯಲ್ಲಿ ಏನು ಬೇಕಾದ್ರೂ ಹೇಳ್ತಾರೆ. ಕಸದ ಬುಟ್ಟಿಗೆ ಸುಳ್ಳು ಹೇಳೋದಕ್ಕೆ ಬರಲ್ಲ" ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು.

ಈ ಸಲವೂ ಹೇಳಿದಳು. ಹೇಳಿ ಚೀಲ ಸುರಿದಳು. ಮುಂದಿನ ಬೆಂಚಿನ ಹುಡುಗಿಯರು ಕಡ್ಡಿಯಿಂದ ಕೆದಕಿ ನೋಡಿದರು.

"ಚಿಕ್ಕ ಮಕ್ಕಳಿಲ್ಲ ಮಿಸ್."

"ಹೇಗೆ ಗೊತ್ತು?"

"ಬಿಸ್ಕತ್ತಿನ ಕಾಗದಾನೇ ಇಲ್ಲ. ಪೆನ್ಸಿಲ್ ಹೆರೆದದ್ದೂ ಇಲ್ಲ."

"ಸರಿ. ಇನ್ನು?"

ಅವರು ಮೊಟ್ಟೆಯ ಚಿಪ್ಪನ್ನು ಜೋಡಿಸಿ ನೋಡಿದರು, ಸಿಪ್ಪೆಗಳನ್ನು ಬಿಡಿಸಿ ನೋಡಿದರು, ಅನ್ನದ ಮುದ್ದೆಯನ್ನು ಕಡ್ಡಿಯಿಂದ ಚುಚ್ಚಿದರು. ತಮ್ಮತಮ್ಮಲ್ಲೇ ಗುಸುಗುಸು ಮಾಡಿ ಒಬ್ಬಳು ಎದ್ದು ನಿಂತಳು.

"ಇಬ್ಬರಿದ್ದಾರೆ ಮಿಸ್. ಎಲ್ಲಾ ಇಬ್ಬರದ್ದೇ ಇದೆ. ಆದರೆ ಒಬ್ಬರಿಗೆ ಹುಷಾರಿಲ್ಲ."

"ಯಾಕೆ?"

"ಅವರು ಏನೂ ತಿಂದಿಲ್ಲ. ಅವರ ಊಟ ಎಲ್ಲಾ ಇಲ್ಲೇ ಇದೆ."

ತರಗತಿ ಅವಳ ಮುಖ ನೋಡುತ್ತಿತ್ತು, ಉತ್ತರ ಸರಿಯೋ ತಪ್ಪೋ ಎಂದು. ಇಷ್ಟು ವರ್ಷ ಮನೆಯಲ್ಲಿ ಇಬ್ಬರಿದ್ದಾರೆ ಎಂದು ಮಕ್ಕಳು ಹೇಳಿದಾಗ ಅವಳು ಶಭಾಶ್ ಎನ್ನುತ್ತಿದ್ದಳು. ಈಗಲೂ "ಸರಿ, ಕೂತ್ಕೋ" ಎಂದಳು. ವಿಜ್ಞಾನದ ತರಗತಿಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಪತ್ರಿಕೆಯ ಸಮೇತ ಕಸವನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದಳು, ಪಾಠ ಮುಗಿಯಲು ಇನ್ನೂ ಹೊತ್ತಿದ್ದರೂ ಮಕ್ಕಳನ್ನು ಆಟಕ್ಕೆ ಬಿಟ್ಟಳು.

ಮನೆಗೆ ಬಂದರೆ ಮಾಲೀಕ ಗೇಟಿನ ಹತ್ತಿರವೇ ನಿಂತಿದ್ದ. ಭಾನುವಾರದೊಳಗೆ ಡ್ರಮ್ಮು ಹೋಗಬೇಕು, ಇಲ್ಲದಿದ್ದರೆ ತಾನೇ ಕಸದ ಗಾಡಿಗೆ ಹಾಕಿಸುತ್ತೇನೆ ಎಂದ. ಅವಳು ತಲೆಯಾಡಿಸಿದಳು. ಮೇಲೆ ಹತ್ತಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು.

"ಮರಿ, ಭಾನುವಾರ ಬರ್ತಿದ್ದೀನಿ. ನೆಲ ಸಿದ್ಧ ಆಗಿದೆ, ಒಂದು ಮೂಟೆ ಗೊಬ್ಬರ ಬೇಕು. ಡ್ರಮ್ಮಲ್ಲಿ ಆಗಿರುತ್ತಲ್ಲ ಇಷ್ಟು ಹೊತ್ತಿಗೆ?"

"ಆಗಿದೆ" ಎಂದಳು ತಂಗಿ. ಬಾಯಿಂದ ಅದೇ ಬಂತು.

ಆಗ ಅವಳಿಗೆ ಹೆದರಿಕೆ ಹುಟ್ಟಿತು. ಅಕ್ಕ ಡ್ರಮ್ಮಿಗೆ ಕೈ ಹಾಕಿದರೆ ಮುಗಿಯಿತು, ಎಲ್ಲ ಗೊತ್ತಾಗುತ್ತದೆ. ಗೊತ್ತಾದರೆ ಅಕ್ಕ ವಾಪಸು ಬರುತ್ತಾಳೆ. ಅಲ್ಲಿ ಗುದ್ದಲಿ ಹಿಡಿಯಲು ಬಾರದ ಒಬ್ಬ ಮನುಷ್ಯ ಅರ್ಧ ಅಗೆದ ನೆಲದ ಮುಂದೆ ಒಬ್ಬನೇ ನಿಲ್ಲುತ್ತಾನೆ. ಇನ್ನೂ ದೊಡ್ಡ ಹೆದರಿಕೆ ಎಂದರೆ, ಅಕ್ಕ ವಾಪಸು ಬರಲಿ ಎಂದೇ ಅವಳ ಒಳಗೊಳಗೆ ಆಸೆಯಿತ್ತು. ಆ ಆಸೆ ಕಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಶನಿವಾರ ಶಾಲೆಯ ಅಂಗಳದ ಒಣ ಎಲೆಯನ್ನೆಲ್ಲ ಗುಡಿಸಿ ಚೀಲ ತುಂಬಿ ತಂದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಡ್ರಮ್ಮಿನ ಮೇಲೆ ದಪ್ಪಗೆ ಹಾಸಿದಳು. ಮೇಲೆ ಕುಂಡದ ಹಳೆಯ ಮಣ್ಣು ಉದುರಿಸಿದಳು. ನೋಡಲು ಅಚ್ಚುಕಟ್ಟಾಗಿತ್ತು. ಊದುಬತ್ತಿಯನ್ನೂ ಹಚ್ಚಿದಳು. ಬಾಲ್ಕನಿಯಲ್ಲಿ ಈಗ ಎರಡು ವಾಸನೆ ಜಗಳವಾಡತೊಡಗಿದವು. ಗೊಬ್ಬರ ಕೇಳಿದರೆ ಅಂಗಡಿಯಿಂದ ತಂದ ಮೂಟೆಯನ್ನು ಕೊಟ್ಟುಬಿಡುವುದು ಎಂದು ಅದನ್ನೂ ತಂದು ಬಾಗಿಲ ಹಿಂದೆ ಇಟ್ಟಿದ್ದಳು. ಇಷ್ಟು ಕೆಟ್ಟದಾಗಿ ನಕಲು ಹೊಡೆಯುವ ಮಗುವನ್ನು ಅವಳು ಪರೀಕ್ಷೆಯಲ್ಲಿ ಒಂದೇ ನೋಟಕ್ಕೆ ಹಿಡಿಯುತ್ತಿದ್ದಳು.

ಅಕ್ಕ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ತುಸು ದಪ್ಪಗೂ ಆಗಿದ್ದಳು. ಮಣಿಕಟ್ಟಿನಲ್ಲಿ ಹೊಸ ಪಟ್ಟಿಯ ಹಳೆಯ ಗಡಿಯಾರ. ತಂಗಿಯ ಗಲ್ಲ ಹಿಡಿದು, "ಸೊರಗಿದ್ದೀಯ" ಎಂದಳು. "ಶಾಲೆ ಕೆಲಸ ಜಾಸ್ತಿ" ಎಂದಳು ತಂಗಿ. ನೀರು ಕುಡಿಯುವ ಮೊದಲೇ ಅಕ್ಕ ಬಾಲ್ಕನಿಗೆ ನಡೆದಳು.

"ಅಕ್ಕ, ಗೊಬ್ಬರ ತೆಗೆದು ಮೂಟೆ ಕಟ್ಟಿಟ್ಟಿದ್ದೀನಿ. ಕೈ ಯಾಕೆ ಕೊಳೆ ಮಾಡ್ಕೋತೀಯ?"

ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಚ್ಚಳ ತೆಗೆದಳು, ಎಲೆ ಸರಿಸಿದಳು, ಹಳೆಯ ಅಭ್ಯಾಸದಂತೆ ಮೊಣಕೈವರೆಗೂ ಕೈ ಇಳಿಸಿದಳು. ಅವಳ ಮುಖ ಬದಲಾಯಿತು. ಒಳಗೆ ತಣ್ಣಗಿತ್ತು. ಕೈ ಹೊರಗೆ ಬಂದಾಗ ಅದರಲ್ಲಿ ಬಿಳಿ ಬೂಷ್ಟು ಹಿಡಿದ ಅನ್ನದ ಮುದ್ದೆ ಇತ್ತು, ಮುದ್ದೆಯ ನಡುವೆ ಗುಂಡಗೆ ಹೆಚ್ಚಿ ಬೇಯಿಸಿದ ಹಾಗಲಕಾಯಿಯ ಹೋಳುಗಳು. ಬಳೆಯಷ್ಟು ಗುಂಡಗಿನ ಹೋಳುಗಳು, ಬೀಜ ಸಮೇತ. ಗಾಳಿಯಿಲ್ಲದ ಕಡೆ ಬಿದ್ದದ್ದಕ್ಕೆ ಕರಗಿಯೇ ಇರಲಿಲ್ಲ.

ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ತಂಗಿಯ ಮುಂದೆ ಹಿಡಿದಳು.

"ಇದು ಯಾರಿಗೆ ಮಾಡಿದ್ದು?"

"ನಾನೇ ತಿನ್ನೋಣ ಅಂತ. ಆರೋಗ್ಯಕ್ಕೆ ಒಳ್ಳೇದು ಅಂತಾರೆ."

"ತಿಂದಿದ್ರೆ ಇಲ್ಲಿ ಯಾಕೆ ಬೀಳುತ್ತೆ?"

ಅಕ್ಕ ಮತ್ತೆ ಕೈ ಹಾಕಿದಳು. ಅನ್ನ, ಬೇಳೆ, ಅನ್ನ, ಮತ್ತೆ ಹಾಗಲಕಾಯಿ. ಕೆಳಕೆಳಗೆ ಹೋದಂತೆ ಹಳೆಯದು, ತಾನು ಊರು ಬಿಟ್ಟ ವಾರದವರೆಗೂ.

"ನನ್ನ ಪಾಲನ್ನ ದಿನಾ ಬೇಯಿಸಿ ಇಲ್ಲಿಗೆ ಹಾಕಿದ್ದೀಯ."

"ಒಬ್ಬಳಿಗೆ ಅಳತೆ ಸಿಗಲ್ಲ ಅಕ್ಕ" ಎಂದಳು ಬೀಜದ ಟೀಚರ್. "ಅರ್ಧಕ್ಕೆ ನಲ್ಲಿ ನಿಲ್ಲಿಸೋಕೆ ಆಗಲ್ಲ. ಪ್ರಯತ್ನ ಮಾಡಿದೆ."

ಅಕ್ಕ ಕೈಯಲ್ಲಿದ್ದುದನ್ನು ಮೆಲ್ಲಗೆ ಡ್ರಮ್ಮಿಗೆ ಹಾಕಿದಳು. "ಇವತ್ತು ಸಂಜೆ ಬಸ್ಸಿಗೆ ನಾನು ಹೋಗಲ್ಲ. ಅವರಿಗೆ ಫೋನ್ ಮಾಡಿ ಹೇಳ್ತೀನಿ. ಒಳ್ಳೇವ್ರು, ಅರ್ಥ ಮಾಡ್ಕೋತಾರೆ. ನಾನು ಇಲ್ಲೇ ಇರ್ತೀನಿ ಮರಿ."

ಎಷ್ಟೋ ಸಂಜೆ ಒಲೆಯ ಮುಂದೆ ನಿಂತು ಅವಳು ಕಾದಿದ್ದುದು ಈ ಮಾತಿಗೇ. ಸುಳ್ಳು ಯಾಕೆ, ಕೇಳಿದ ಕೂಡಲೇ ಮೈ ಹಗುರಾಯಿತು. ಹೂಂ ಅನ್ನುವುದಷ್ಟೇ ಬಾಕಿ. ಅಕ್ಕ ಮಾತು ಮುಗಿಸಿ, ಕೊಳೆಯಾದ ಕೈಯನ್ನು ದೂರ ಹಿಡಿದುಕೊಂಡು, ಇನ್ನೊಂದು ಕೈಯ ಗಡಿಯಾರವನ್ನು ಒಮ್ಮೆ ನೋಡಿಕೊಂಡಳು. ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ನೋಡುವ ನೋಟ ಅದು. ಅವಳಿಗೇ ಗೊತ್ತಾಗದ ಹಾಗೆ ನೋಡಿದ್ದಳು. ತಂಗಿ ಅದನ್ನು ಕಂಡಳು.

ಅವಳು ಒಳಗೆ ಹೋದಳು. ಅಡುಗೆಮನೆಯಿಂದ ಆ ನೆಗ್ಗಿದ ಪಾತ್ರೆಯನ್ನು ತಂದು, ಗೊಬ್ಬರಕ್ಕೆಂದು ಅಕ್ಕ ತಂದಿದ್ದ ಖಾಲಿ ಚೀಲದೊಳಗೆ ಇಟ್ಟು, ಬಾಯಿ ಕಟ್ಟಿದಳು.

"ಏನೇ ಇದು?"

"ಇದನ್ನ ತಗೊಂಡು ಹೋಗು. ಇದು ಇಲ್ಲಿದ್ರೆ ನಾನು ಇಬ್ಬರಿಗೇ ಮಾಡ್ತಾ ಇರ್ತೀನಿ."

"ಮರಿ…"

"ಅಲ್ಲಿ ಇಬ್ಬರಿದ್ದೀರಿ. ಅಲ್ಲಿ ಬೇಕು ಇದು. ನೀನು ಸಂಜೆ ಬಸ್ಸಿಗೆ ಹೋಗ್ತೀಯ."

ಅಕ್ಕ ಅಲ್ಲೇ ಬಾಲ್ಕನಿಯ ನೆಲದ ಮೇಲೆ ಕೂತು ಅತ್ತಳು. ತಂಗಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲವಲ್ಲ. ಅವಳು ಹೋಗಿ ಸೋಪು ತಂದು ಅಕ್ಕನ ಗಬ್ಬು ಹಿಡಿದ ಕೈಯಲ್ಲಿ ಇಟ್ಟಳು. ಅಕ್ಕ ಅಳುತ್ತಲೇ ನಕ್ಕಳು. ಆಮೇಲೆ ಇಬ್ಬರೂ ಸೇರಿ ಡ್ರಮ್ಮನ್ನು ಖಾಲಿ ಮಾಡಿದರು. ಕೆಳಗಿನ ಹಳೆಯ ಪದರದಲ್ಲಿ ಒಳ್ಳೆಯ ಗೊಬ್ಬರ ಸ್ವಲ್ಪ ಇನ್ನೂ ಇತ್ತು, ಹೊಸ ಸಿಪ್ಪೆಗೆ ಹೆಪ್ಪಾಗಲಿ ಎಂದು ಅದನ್ನು ಡ್ರಮ್ಮಿನಲ್ಲೇ ಉಳಿಸಿದರು. ದರ್ಜಿಯಮ್ಮನ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದವಳು ಬೀಜದ ಟೀಚರೇ. ಕೇಳಿ, ನಾಚಿಕೆ ಬಿಟ್ಟು, ನಿಮ್ಮ ಮನೆಯ ಸಿಪ್ಪೆ ಕೊಡುತ್ತೀರಾ ಎಂದಳು. ಒಬ್ಬಳ ಸಿಪ್ಪೆ ಸಾಲುವುದಿಲ್ಲ ಎಂದು ಅವಳು ಬೇರೆಯವರ ಮುಂದೆ ಹೇಳಿದ್ದು ಅದೇ ಮೊದಲು. ದರ್ಜಿಯಮ್ಮ ಮೊದಲು ಬಿಗಿದುಕೊಂಡಳು, ಆಮೇಲೆ ಒಪ್ಪಿ, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ಚೀಲವನ್ನೂ ಎಳೆದು ತಂದಳು. ಟೀಚರ್ ಒಂದೊಂದೇ ನೂಲನ್ನು ಬೆಂಕಿಕಡ್ಡಿಗೆ ಹಿಡಿದು ನೋಡಿದಳು. ಬೂದಿಯಾದದ್ದು ಹತ್ತಿ, ಡ್ರಮ್ಮಿಗೆ. ಕರಗಿ ಮಣಿಯಾದದ್ದು ಪಾಲಿಯೆಸ್ಟರ್, ವಾಪಸು ಚೀಲಕ್ಕೆ. ಮಾಲೀಕನಿಗೆ ತಾನು ಹೇಳುತ್ತೇನೆ, ಒಂದಿಷ್ಟು ದಿನ ನೋಡೋಣ ಎಂದಳು ದರ್ಜಿಯಮ್ಮ.

ಬಸ್ಸು ಹೊರಟಾಗ ಅಕ್ಕ ಕಿಟಕಿಯಿಂದ ಕೈ ಬೀಸಿದಳು. ಮಡಿಲಲ್ಲಿ ಚೀಲದ ಪಾತ್ರೆ ಇತ್ತು. ಬೀಜದ ಟೀಚರ್ ಬಸ್ಸು ಕಾಣದಾದ ಮೇಲೂ ನಿಂತಿದ್ದು, ಆಮೇಲೆ ನಡೆದೇ ಮನೆಗೆ ಬಂದಳು. ಒಂದೇ ಕೋಣೆಯ ದೀಪ ಹಾಕಿದಳು.

ಹಾಲು ಕಾಯಿಸುವ ಕುಳ್ಳ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಒಂದು ಹಿಡಿ ಅಕ್ಕಿ ತೊಳೆದು ಹಾಕಿದಳು. ನೀರು ಹಿಡಿಯುವಾಗ ನೋಡಲು ನೆಗ್ಗಿರಲಿಲ್ಲ. ಬೆರಳು ಇಳಿಸಿ ಅಂದಾಜು ಮಾಡಿ ನಲ್ಲಿ ನಿಲ್ಲಿಸಿದಳು. ಒಂದು ಆಲೂಗಡ್ಡೆಯ ಸಿಪ್ಪೆ ಸುಲಿದಳು. ಅನ್ನ ಎಷ್ಟು ಬೇಗ ಬೆಂದಿತೆಂದರೆ ಅವಳಿಗೆ ತಟ್ಟೆ ತೊಳೆದುಕೊಳ್ಳಲೂ ಪುರುಸೊತ್ತಾಗಲಿಲ್ಲ. ಉಂಡಳು. ಪಾತ್ರೆ ಬರಿದಾಯಿತು. ಸಿಪ್ಪೆಯನ್ನು ಡ್ರಮ್ಮಿಗೆ ಹಾಕಿ, ಅದರ ಮೇಲೆ ಒಂದು ಹಿಡಿ ಎಲೆ ಹಾಕಿದಳು.

ಕೆಲವು ದಿನಗಳ ಮೇಲೆ, ದರ್ಜಿಯಮ್ಮನ ಮನೆಯ ಸಿಪ್ಪೆಯೂ ಪಕ್ಕದ ಮನೆಯವರದೂ ಸೇರಿ ಡ್ರಮ್ಮು ಅರ್ಧ ತುಂಬಿದ್ದ ಒಂದು ಸಂಜೆ, ಅವಳು ಮೊಣಕೈವರೆಗೆ ಕೈ ಇಳಿಸಿದಳು. ಬಿಸಿಯಾಗಿತ್ತು. ಆ ಮನೆಯಲ್ಲಿ ಅವಳ ಮೈ ಬಿಟ್ಟರೆ ಬೆಚ್ಚಗಿದ್ದದ್ದು ಅದೊಂದೇ. ಅವಳು ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಳು. ಒಳಗೆ ಫೋನು ರಿಂಗಾಯಿತು.

"ಡ್ರಮ್ಮು?"

"ಜ್ವರ ಬಂದಿದೆ. ಈ ಸಲ ನಿಜವಾಗ್ಲೂ."

"ಉಂಡ್ಯಾ?"

"ಉಂಡೆ."

"ಎಲ್ಲ ಖಾಲಿ ಆಯ್ತಾ?"

ಅವಳು ಒಲೆಯ ಮೇಲಿನ ಕುಳ್ಳ ಪಾತ್ರೆಯತ್ತ ನೋಡಿದಳು. ತಳದಲ್ಲಿ ಒಂದು ಅಗುಳೂ ಇರಲಿಲ್ಲ.

"ಏನೂ ಉಳೀಲಿಲ್ಲ ಅಕ್ಕ" ಎಂದಳು. ಆ ಕಡೆ ಅಕ್ಕ ಸದ್ಯ ಎಂದು ಉಸಿರು ಬಿಟ್ಟಳು. ತಂಗಿ ಫೋನನ್ನು ಒಂದು ಕ್ಷಣ ಬಾಯಿಂದ ದೂರ ಹಿಡಿದು, ಮೂಗು ಒರೆಸಿಕೊಂಡು, ಮತ್ತೆ ಕಿವಿಗಿಟ್ಟು, ತೋಟಕ್ಕೆ ಏನೇನು ಹಾಕಿದಿರಿ ಎಂದು ಕೇಳಿದಳು.

"ಹಾಗಲಕಾಯಿ" ಎಂದಳು ಅಕ್ಕ.